ಮೊಬೈಲ್ ಅಂಗಡಿಯ ತಮ್ಮನಿಗೊಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಾ,

‘ಕಾರಿನಲ್ಲಿ ಮ್ಯಾಪ್ ಹಾಕ್ಕೊಂಡು ಹೋಗೋಕೆ ಒಂದು ಒಳ್ಳೆ ಫೋನು ಕೊಡಪ್ಪ’ ಎಂದು ಕೇಳಿಕೊಂಡು ನಿನ್ನ ಕೌಂಟರಿಗೆ ಬರುವವರು ಈಗ ಹೆಚ್ಚಾಗಿದ್ದಾರೆ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ರ್‍ಯಾಮ್ ಎಷ್ಟು ಜಿಬಿ, ಬ್ಯಾಟರಿ ಎಷ್ಟು ನಿಮಿಷದಲ್ಲಿ ತುಂಬುತ್ತದೆ ಎಂಬುದೆಲ್ಲ ನಿನಗೆ ಬಾಯಿಪಾಠ. ಆದರೆ ಅವರು ಕೇಳಿದ ಆ ಒಂದು ಮಾತಿಗೆ ಉತ್ತರ ಸಿಗುವುದಿಲ್ಲ. ಇದರಲ್ಲಿ ನಿನ್ನ ತಪ್ಪಿಲ್ಲ. ಕಂಪನಿಯವರು ನಿನಗೆ ಕೊಡುವ ತರಬೇತಿಯಲ್ಲಿ ಆ ವಿಷಯ ಬರುವುದಿಲ್ಲ, ಡಬ್ಬಿಯ ಮೇಲೂ ಅಚ್ಚಾಗಿರುವುದಿಲ್ಲ. ಆದರೂ ಕಂಪನಿಗೆ ಬರೆಯುವ ಬದಲು ನಿನಗೇ ಬರೆಯುತ್ತಿದ್ದೇನೆ. ನಮ್ಮ ಕಡೆಯ ಜನ ಫೋನು ಕೊಳ್ಳುವಾಗ ಜಾಹೀರಾತಿಗಿಂತ ನಿನ್ನ ಮಾತನ್ನೇ ನಂಬುತ್ತಾರೆ. ಅಷ್ಟು ನಂಬಿಕೆ ಗಳಿಸಿದವನಿಗೆ ಈ ವಿಷಯವೂ ತಿಳಿದಿರಬೇಕು ಎಂಬುದು ನನ್ನ ಆಸೆ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಿಂದ ಕಾಯಿಲೆಯವರನ್ನು ಮಣಿಪಾಲಕ್ಕೋ ಮಂಗಳೂರಿಗೋ ಕರೆದುಕೊಂಡು ಹೋಗಬೇಕೆಂದರೆ ಘಾಟಿ ಇಳಿಯಲೇಬೇಕು. ಹುಲಿಕಲ್ ಆಗಲಿ, ಆಗುಂಬೆ ಆಗಲಿ, ಕೊಲ್ಲೂರಿನ ದಾರಿಯಾಗಲಿ, ನಡುವೆ ಮೈಲಿಗಟ್ಟಲೆ ಟವರ್ ಸಿಗದ ಜಾಗಗಳಿವೆ. ಹಿಂದಿನ ಸೀಟಿನಲ್ಲಿ ಅಮ್ಮನನ್ನು ಮಲಗಿಸಿಕೊಂಡು ರಾತ್ರಿ ಹೊತ್ತು ಮಳೆಯಲ್ಲಿ ಇಳಿಯುವಾಗ ಫೋನಿನ ಪರದೆ ಬಿಳುಚಿಕೊಂಡು ನಿಂತುಬಿಟ್ಟರೆ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದನ್ನು ಬಲ್ಲೆ. ಬೇರೆ ಊರಿನಿಂದ ಬಂದು ಮೊದಲ ಬಾರಿಗೆ ಇಳಿಯುತ್ತಿರುವವರ ಪಾಡು ಇನ್ನೂ ಕಷ್ಟ. ಹಾಗಾಗಿ ನೀನು ಮಾರುವ ಈ ವಸ್ತುವನ್ನು ನಾನು ಶೋಕಿಯ ಸಾಮಾನು ಎಂದುಕೊಂಡಿಲ್ಲ. ಕಾರಿನ ಬ್ರೇಕು, ಹೆಡ್‌ಲೈಟುಗಳ ಸಾಲಿನಲ್ಲೇ ಅದನ್ನೂ ಇಟ್ಟಿದ್ದೇನೆ.

ಮೊದಲು ಒಂದು ಹಳೆಯ ಸಂಗತಿ ಹೇಳುತ್ತೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಕಾರಿನಲ್ಲಿ ದಾರಿ ನೋಡಬೇಕೆಂದರೆ ಮೂರು ಸಾಮಾನು ಬೇರೆ ಬೇರೆ ಕೊಳ್ಳಬೇಕಿತ್ತು. ಪಾಕೆಟ್ ಪಿಸಿ ಎಂಬ ಅಂಗೈಯಗಲದ ಕಂಪ್ಯೂಟರ್ ಒಂದು, ಉಪಗ್ರಹದ ಸಂಕೇತ ಹಿಡಿಯುವ ಪುಟ್ಟ ಬ್ಲೂಟೂತ್ ರಿಸೀವರ್ ಒಂದು, ಮೆಮೊರಿ ಕಾರ್ಡಿನಲ್ಲಿ ತುಂಬಿದ ನಕ್ಷೆ ಮತ್ತು ದಾರಿ ಲೆಕ್ಕ ಹಾಕುವ ಪ್ರೋಗ್ರಾಂ ಇನ್ನೊಂದು. ಆ ಕಾಲದಲ್ಲಿ ಕೊಳ್ಳುವವನಿಗೆ ತಾನು ಯಾವುದಕ್ಕೆ ದುಡ್ಡು ಕೊಡುತ್ತಿದ್ದೇನೆ ಎಂಬುದು ಸ್ಪಷ್ಟವಾಗಿ ಗೊತ್ತಿರುತ್ತಿತ್ತು. ಕೆಟ್ಟರೆ ಯಾವುದು ಕೆಟ್ಟಿದೆ ಎಂಬುದೂ ಗೊತ್ತಾಗುತ್ತಿತ್ತು. ಈಗ ಮೂರೂ ಒಂದೇ ಗಾಜಿನ ಹಲಗೆಯೊಳಗೆ ಸೇರಿಹೋಗಿವೆ. ಹಾಗಾಗಿ ಫೋನು ತಪ್ಪಿದಾಗಲೆಲ್ಲ ಜನ ‘ನೆಟ್‌ವರ್ಕ್ ಸರಿ ಇಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಾನು ಎಲ್ಲಿದ್ದೇನೆ ಎಂದು ಹೇಳುವುದು ರಿಸೀವರ್. ಸುತ್ತ ಏನಿದೆ ಎಂದು ಹೇಳುವುದು ನಕ್ಷೆ. ಯಾವ ಕಡೆ ತಿರುಗಬೇಕು ಎಂದು ಹೇಳುವುದು ಪ್ರೋಗ್ರಾಂ. ಗಿರಾಕಿಗೆ ಈ ಮೂರನ್ನು ಬಿಡಿಸಿ ತೋರಿಸಿದರೆ ಅರ್ಧ ಕೆಲಸ ಆದಂತೆ.

ರಿಸೀವರಿನಿಂದ ಶುರು ಮಾಡೋಣ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ, ‘ನಾನು ಇಂಥವನು, ಇಲ್ಲಿದ್ದೇನೆ, ಈಗ ಗಂಟೆ ಇಷ್ಟು’ ಎಂದು ಬಿಡುವಿಲ್ಲದೆ ಸಾರುತ್ತಿರುತ್ತವೆ. ಆ ಸಂಕೇತ ನಮ್ಮನ್ನು ತಲುಪಲು ಒಂದು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಸಮಯ ಬೇಕು. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಎಷ್ಟೆಷ್ಟು ತಡವಾಗಿ ಬಂತು ಎಂದು ಅಳೆದು ಫೋನು ತನ್ನ ಜಾಗವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ಜಾಗ 300 ಮೀಟರ್ ಆಚೀಚೆಯಾಗುತ್ತದೆ. ಇದಕ್ಕೆ ಸಿಮ್ ಬೇಡ, ಡೇಟಾ ಬೇಡ, ಬಿಲ್ಲೂ ಬರುವುದಿಲ್ಲ. 2000ದ ಮೇ ತಿಂಗಳವರೆಗೆ ಅಮೆರಿಕ ಜನಸಾಮಾನ್ಯರಿಗೆ ಕೊಡುವ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ನೂರು ಮೀಟರಿನಷ್ಟಿದ್ದ ತಪ್ಪು ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಕಾರಿನಲ್ಲಿ ಕೂತು ‘ಮುಂದಿನ ಕ್ರಾಸಿನಲ್ಲಿ ಎಡಕ್ಕೆ’ ಎಂದು ಕೇಳಿಸಿಕೊಳ್ಳುವುದು ಜನಸಾಮಾನ್ಯರಿಗೆ ನಿಜವಾಗಿ ದಕ್ಕಿದ್ದು ಅಲ್ಲಿಂದೀಚೆಗೆ.

ಹಾಗಾದರೆ ಟವರ್ ಇಲ್ಲದ ಕಡೆ ಫೋನು ಏಕೆ ತಡಬಡಾಯಿಸುತ್ತದೆ? ಉಪಗ್ರಹ ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ ಬರೀ 50 ಬಿಟ್‌ನಂತೆ, ನಿಧಾನವಾಗಿ ಹೇಳುತ್ತದೆ. ಒಂದು ಉಪಗ್ರಹದ ವಿವರ 30 ಸೆಕೆಂಡಿಗೊಮ್ಮೆ ಮರುಕಳಿಸುತ್ತದೆ. ಎಲ್ಲ ಉಪಗ್ರಹಗಳ ಪಂಚಾಂಗ ಪೂರ್ತಿ ಕೈಗೆ ಬರಲು ಹನ್ನೆರಡೂವರೆ ನಿಮಿಷ ಬೇಕು. ಊರಿನಲ್ಲಿ ಫೋನು ಈ ವಿವರವನ್ನು ಇಂಟರ್‌ನೆಟ್ಟಿನಿಂದ ಕ್ಷಣದಲ್ಲಿ ಇಳಿಸಿಕೊಂಡುಬಿಡುತ್ತದೆ. ಅದಕ್ಕೇ ನೀಲಿ ಚುಕ್ಕೆ ಒತ್ತಿದ ತಕ್ಷಣ ಬಂದು ಕೂರುತ್ತದೆ. ಕಾಡಿನ ನಡುವೆ ಆ ಸಹಾಯ ಇಲ್ಲ. ಮರದ ನೆರಳು, ತಿರುವು, ಒಂದು ಪಕ್ಕ ಧರೆ. ಸಂಕೇತ ಮಧ್ಯದಲ್ಲಿ ತುಂಡಾದರೆ ಮತ್ತೆ ಅದೇ ಸಾಲು ಬರುವವರೆಗೆ ಕಾಯಬೇಕು. ಒಮ್ಮೆ ಸಿಕ್ಕ ಕಕ್ಷೆಯ ವಿವರ ಸುಮಾರು ನಾಲ್ಕು ಗಂಟೆ ಕೆಲಸಕ್ಕೆ ಬರುತ್ತದೆ. ಆದ್ದರಿಂದ ಘಾಟಿಗೆ ಇಳಿಯುವ ಮೊದಲು ಬಯಲಿನಲ್ಲಿ, ನೆಟ್‌ವರ್ಕ್ ಇರುವಾಗಲೇ ಲೊಕೇಶನ್ ಆನ್ ಮಾಡಿ, ದಾರಿ ಹಾಕಿ, ಮತ್ತೆ ಆಫ್ ಮಾಡದೆ ಇಳಿಯಬೇಕು. ಬ್ಯಾಟರಿ ಉಳಿಸಲೆಂದು ಜನ ಸರಿಯಾಗಿ ಘಾಟಿಯ ಬಾಯಿಯಲ್ಲೇ ಲೊಕೇಶನ್ ಆರಿಸುತ್ತಾರೆ. ಈ ಒಂದು ಮಾತನ್ನು ಫೋನು ಮಾರುವಾಗ ನೀನು ಹೇಳಿ ಕಳಿಸಿದರೂ ಎಷ್ಟೋ ಜನರ ಪರದಾಟ ತಪ್ಪುತ್ತದೆ.

ಈಗ ಪರೀಕ್ಷೆಯ ವಿಷಯ. ನಾನು ಕೇಳಿಕೊಳ್ಳುತ್ತಿರುವುದರಲ್ಲಿ ಬಹಳ ಮುಖ್ಯವಾದದ್ದು ಇದೇ. ಗಿರಾಕಿ ಎರಡು ಮೂರು ಮಾಡೆಲ್ ಆರಿಸಿಟ್ಟುಕೊಂಡ ಮೇಲೆ, ಡೆಮೊ ಫೋನುಗಳನ್ನು ಎತ್ತಿಕೊಂಡು ಅಂಗಡಿಯ ಹೊರಗೆ ಬಾ. ತಾರಸಿ, ಶೆಡ್ಡಿನ ಸೂರು ಬಿಟ್ಟು ಆಕಾಶ ಕಾಣುವ ಕಡೆ ನಿಲ್ಲು. ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್ ಹಾಕಿಟ್ಟಿರು. ಆಂಡ್ರಾಯ್ಡ್ ಫೋನಿನಲ್ಲಿ ಫ್ಲೈಟ್ ಮೋಡ್ ಒತ್ತು, ಹಳೆಯ ಸಹಾಯಕ ಮಾಹಿತಿಯನ್ನು ಅಳಿಸುವ ಆಯ್ಕೆ ಆ ಆ್ಯಪಿನಲ್ಲೇ ಇದೆ, ಅದನ್ನೂ ಒತ್ತು. ಆಮೇಲೆ ಸುಮ್ಮನೆ ನೋಡುತ್ತಾ ನಿಲ್ಲು. ಮೊದಲು ಒಂದು ಸಾಲು ಮೂಡುತ್ತದೆ, ಬಳಿಕ ಎರಡು, ಆಮೇಲೆ ಒಟ್ಟಿಗೇ ಹಲವು. ಪ್ರತಿ ಸಾಲಿನಲ್ಲೂ ಉಪಗ್ರಹ ಯಾವ ದೇಶದ್ದು ಎಂದು ತಿಳಿಸುವ ಧ್ವಜ, ಯಾವ ತರಂಗ ಎಂಬುದು, ಸಿಗ್ನಲ್ಲಿನ ಬಲ ತೋರಿಸುವ ಅಂಕಿ. ಆ ಅಂಕಿ 40ರ ಆಸುಪಾಸಿನಲ್ಲಿದ್ದರೆ ಫೋನಿಗೆ ಚೆನ್ನಾಗಿ ಕೇಳಿಸುತ್ತಿದೆ ಎಂದರ್ಥ. 20ಕ್ಕಿಂತ ಕೆಳಗೆ ಒದ್ದಾಡುತ್ತಿದ್ದರೆ ಆ ಫೋನಿನ ಆಂಟೆನಾ ಬಡವಾಗಿದೆ. ನೆಲ ಮುಟ್ಟುವ ಹೊತ್ತಿಗೆ ಆ ಸಂಕೇತದ ಶಕ್ತಿ ಒಂದು ವ್ಯಾಟಿನ ಕೋಟಿ ಕೋಟಿಯಲ್ಲಿ ಒಂದಂಶಕ್ಕೂ ಕಡಿಮೆ. ಅಷ್ಟು ಸಣ್ಣ ದನಿಯನ್ನು ಹಿಡಿಯುವುದರಲ್ಲಿ ಎಲ್ಲ ಫೋನುಗಳೂ ಒಂದೇ ಸಮ ಅಲ್ಲ. ಒಂದೇ ಬೆಲೆಯ ಎರಡು ಫೋನುಗಳನ್ನು ಅಕ್ಕಪಕ್ಕ ಹಿಡಿದರೆ ಒಂದು ಬೇಗ ಜಾಗ ಹಿಡಿದಿರುತ್ತದೆ, ಇನ್ನೊಂದು ಇನ್ನೂ ಹುಡುಕುತ್ತಿರುತ್ತದೆ. ಗಿರಾಕಿ ಕಣ್ಣಾರೆ ಕಂಡ ಮೇಲೆ ನೀನು ಬೇರೇನೂ ವಿವರಿಸಬೇಕಾಗಿಲ್ಲ. ಐಫೋನಿನಲ್ಲಿ ಉಪಗ್ರಹಗಳ ಪಟ್ಟಿ ನೋಡಲು ಆಗುವುದಿಲ್ಲ. ಅಲ್ಲಿ ಫ್ಲೈಟ್ ಮೋಡ್ ಹಾಕಿ, ಮೊದಲೇ ಇಳಿಸಿಟ್ಟ ನಕ್ಷೆ ತೆರೆದು, ರಸ್ತೆಯ ಉದ್ದಕ್ಕೆ ಸ್ವಲ್ಪ ದೂರ ನಡೆದರಾಯಿತು. ಚುಕ್ಕೆ ನಿನ್ನ ಜೊತೆ ನಡೆದು ಬರುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ.

ಆ ಪಟ್ಟಿಯಲ್ಲಿ ತರಂಗದ ಅಂಕಣ ಇದೆ ಎಂದೆನಲ್ಲ, ಅದನ್ನು ಗಮನಿಸು. ಹಳೆಯ ಫೋನುಗಳು ಎಲ್1 ಎಂಬ ಒಂದೇ ತರಂಗ ಹಿಡಿಯುತ್ತಿದ್ದವು. 2018ರಲ್ಲಿ ಶಿಯೋಮಿಯ ಮಿ 8 ಎಲ್5 ಎಂಬ ಎರಡನೆಯ ತರಂಗವನ್ನೂ ಹಿಡಿಯುವ ಫೋನಾಗಿ ಬಂತು. ಈಗ ಅಂಥವು ಹಲವು ಇವೆ. ಇದರ ಉಪಯೋಗ ಬೆಂಗಳೂರಿಗೆ ಹೋದವರಿಗೆ ಬೇಗ ತಿಳಿಯುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ನೇರವಾಗಿ ಬರುವುದರ ಜೊತೆಗೆ ಗಾಜಿನ ಗೋಡೆಗೆ ಬಡಿದೂ ಬರುತ್ತದೆ. ಬಡಿದು ಬಂದದ್ದು ತಡವಾಗಿ ಬರುವುದರಿಂದ ಫೋನು ತನ್ನನ್ನು ಪಕ್ಕದ ರಸ್ತೆಯಲ್ಲಿ ಇಟ್ಟುಕೊಳ್ಳುತ್ತದೆ. ನೇರ ಬಂದದ್ದು ಯಾವುದು, ಬಡಿದು ಬಂದದ್ದು ಯಾವುದು ಎಂದು ಬೇರ್ಪಡಿಸಲು ಎಲ್5 ನೆರವಾಗುತ್ತದೆ. ಒಂದು ಕಡೆ ಗುಡ್ಡ ಕಡಿದು ಮಾಡಿದ ಘಾಟಿಯ ರಸ್ತೆಯಲ್ಲೂ ಇದೇ ಕಥೆ. ಹಾಗಾಗಿ ಮೆಗಾಪಿಕ್ಸೆಲ್ಲಿಗೆ ಎರಡು ಸಾವಿರ ಹೆಚ್ಚು ಕೊಡುವ ಗಿರಾಕಿಗೆ, ಕಾರಿನ ಬಳಕೆಯೇ ಮುಖ್ಯವಾಗಿದ್ದರೆ, ಆ ದುಡ್ಡನ್ನು ಎರಡು ತರಂಗದ ಫೋನಿಗೆ ಹಾಕಿ ಎಂದು ಧೈರ್ಯವಾಗಿ ಹೇಳು.

ಒಂದು ಮಿತಿಯನ್ನೂ ಹೇಳಿಬಿಡು. ಉಪಗ್ರಹಗಳೆಲ್ಲ ನಮ್ಮ ಮೇಲ್ಗಡೆಯೇ ಇರುವುದರಿಂದ ಅಡ್ಡದ ಅಳತೆಗಿಂತ ಎತ್ತರದ ಅಳತೆಯಲ್ಲಿ ತಪ್ಪು ಹೆಚ್ಚು. ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಸುಮಾರು ಹತ್ತು ಕಿ.ಮೀ. ಮೇಲ್ರಸ್ತೆ ಇದೆ. ಅದರ ಮೇಲೆ ಹೋಗುತ್ತಿದ್ದೀರೋ, ಕೆಳಗಿನ ಹೊಸೂರು ರಸ್ತೆಯಲ್ಲಿದ್ದೀರೋ ಎಂಬುದನ್ನು ಒಳ್ಳೆಯ ಫೋನೂ ಖಚಿತವಾಗಿ ಹೇಳಲಾರದು. ಮೇಲ್ಸೇತುವೆ ಬಂದಾಗ ಬೋರ್ಡ್ ನೋಡಿ ನಿರ್ಧರಿಸಬೇಕು.

ಇನ್ನು ದಾರಿ ತೋರಿಸುವ ನಮ್ಮದೇ ದೇಶದ ಉಪಗ್ರಹ ವ್ಯವಸ್ಥೆ, ನಾವಿಕ್. ಇದರ ಬಗ್ಗೆ ನನಗೆ ಅಭಿಮಾನವಿದೆ, ಅಷ್ಟೇ ಬೇಸರವೂ ಇದೆ. 2013ರ ಜುಲೈ 1ರಂದು ಮೊದಲ ಉಪಗ್ರಹ ಹಾರಿತು, 2016ರ ಏಪ್ರಿಲಿನಲ್ಲಿ ಏಳನೆಯದು. ಭಾರತ ಮತ್ತು ಗಡಿಯಿಂದ 1,500 ಕಿ.ಮೀ.ವರೆಗಿನ ಪ್ರದೇಶಕ್ಕೆಂದೇ ಕಟ್ಟಿದ ವ್ಯವಸ್ಥೆ ಇದು. ಇದರ ನಿರ್ವಹಣೆಯಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು. ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ ಇಸ್ರೋದ ನ್ಯಾವಿಗೇಶನ್ ಕೇಂದ್ರವಿದೆ, ಹಾಸನದಲ್ಲಿ ಉಪಗ್ರಹಗಳನ್ನು ಹತೋಟಿಯಲ್ಲಿಡುವ ಎಂಸಿಎಫ್ ಎಂಬ ಕೇಂದ್ರ ಇದೆ. ಶಿರಾಡಿ ಇಳಿಯಲು ಹಾಸನ ದಾಟಿ ಹೋಗುವ ಕಾರಿನವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಆದರೆ ಹೊರದೇಶದಿಂದ ತರಿಸಿದ ಪರಮಾಣು ಗಡಿಯಾರಗಳು ಒಂದೊಂದಾಗಿ ಕೈಕೊಟ್ಟವು. ಗಡಿಯಾರ ನಿಂತ ಉಪಗ್ರಹ ಸ್ಥಳ ಹೇಳಲಾರದು. 2017ರಲ್ಲಿ ಬದಲಿಯಾಗಿ ಹೊರಟ ಉಪಗ್ರಹ ರಾಕೆಟ್ಟಿನ ಶಾಖಕವಚದಿಂದ ಬಿಡಿಸಿಕೊಳ್ಳಲಾಗದೆ ನಷ್ಟವಾಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಗಡಿಯಾರವಿತ್ತು. ಆ ದಿನ ನನಗಾದ ಸಂತೋಷ ಸಣ್ಣದಲ್ಲ. 2025ರ ಜನವರಿಯಲ್ಲಿ ಹಾರಿದ ಮುಂದಿನದು ತನ್ನ ಕಕ್ಷೆಗೆ ಏರಲೇ ಇಲ್ಲ. ಅದೇ ವರ್ಷದ ಜುಲೈನಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ ಸ್ಥಳ ಹೇಳುವ ಸೇವೆಗೆ ಉಳಿದಿದ್ದು ನಾಲ್ಕೇ ಉಪಗ್ರಹ.

ಹಾಗೆಂದು ಗಿರಾಕಿ ‘ನಾವಿಕ್ ಇದೆಯಾ’ ಎಂದು ಕೇಳಿದರೆ ‘ಅದೆಲ್ಲ ಏನೂ ಉಪಯೋಗ ಇಲ್ಲ’ ಎಂದು ತಳ್ಳಿಹಾಕಬೇಡ. ಫೋನು ಯಾವ ಒಂದು ದೇಶದ ಉಪಗ್ರಹವನ್ನೂ ನೆಚ್ಚಿ ಕೂರುವುದಿಲ್ಲ. ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೇಡೌ, ನಮ್ಮ ನಾವಿಕ್, ಸಿಕ್ಕಿದ್ದನ್ನೆಲ್ಲ ಸೇರಿಸಿಕೊಂಡು ಲೆಕ್ಕ ಹಾಕುತ್ತದೆ. ಎರಡೂ ಕಡೆ ಗುಡ್ಡ ಇರುವ ಕಣಿವೆಯಲ್ಲಿ ಆಕಾಶ ಒಂದು ಪಟ್ಟಿಯಷ್ಟೇ ಕಾಣುವಾಗ, ಆ ಪಟ್ಟಿಯೊಳಗೆ ಇನ್ನೊಂದು ಉಪಗ್ರಹ ಸಿಕ್ಕರೆ ಅದೇ ಲಾಭ. 2020ರ ಜನವರಿಯಲ್ಲಿ ಕ್ವಾಲ್‌ಕಾಂ ಸಂಸ್ಥೆ ನಾವಿಕ್ ಹಿಡಿಯುವ ಸ್ನಾಪ್‌ಡ್ರ್ಯಾಗನ್ 720ಜಿಯಂಥ ಚಿಪ್‌ಗಳನ್ನು ಪ್ರಕಟಿಸಿತು, 2023ರಲ್ಲಿ ಐಫೋನ್ 15 ಪ್ರೊ ಕೂಡ ನಾವಿಕ್ ಹಿಡಿಯತೊಡಗಿತು. ಇನ್ನೊಂದು ವಿಷಯ: ನಾವಿಕ್‌ನ ಮೊದಲ ತಲೆಮಾರಿನ ಉಪಗ್ರಹಗಳು ಎಲ್1ರಲ್ಲಿ ಮಾತನಾಡುವುದಿಲ್ಲ. ಎಲ್5 ಇಲ್ಲದ ಫೋನಿಗೆ ಅವು ಕೇಳಿಸುವುದಿಲ್ಲ. ಎರಡು ತರಂಗದ ಫೋನು ಕೇಳಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ದೊಡ್ಡ ಪರದೆ ಚೆನ್ನಾಗಿ ಕಾಣುತ್ತದೆ ಎಂದು ಟ್ಯಾಬ್ ಕೇಳುವವರೂ ಇದ್ದಾರೆ. ಅವರಿಗೆ ಒಂದು ಎಚ್ಚರಿಕೆ ಕೊಡದೆ ಬಿಲ್ ಹಾಕಬೇಡ. ಐಪ್ಯಾಡಿನಲ್ಲಿ ಬರೀ ವೈಫೈ ಇರುವ ಮಾದರಿಗೆ ಉಪಗ್ರಹದ ರಿಸೀವರೇ ಇಲ್ಲ. ಸಿಮ್ ಹಾಕುವ ಮಾದರಿಗೆ ಇದೆ. ಮನೆಯಲ್ಲಿ ವೈಫೈ ನೋಡಿ ಜಾಗ ಊಹಿಸುವುದರಿಂದ ಅಂಗಡಿಯಲ್ಲೂ ಮನೆಯಲ್ಲೂ ಎಲ್ಲ ಸರಿಯಾಗೇ ಕಾಣುತ್ತದೆ. ಊರು ದಾಟಿದ ಮೇಲೆ ಚುಕ್ಕೆ ಅಲ್ಲಾಡುವುದೇ ಇಲ್ಲ.

ಎರಡನೆಯದು ನಕ್ಷೆ. ಫೋನಿಗೆ ಸಾವಿರಾರು ರೂಪಾಯಿ ಕೊಟ್ಟವರು ಉಚಿತವಾಗಿ ಸಿಗುವ ನಕ್ಷೆಯನ್ನು ಇಳಿಸಿಕೊಳ್ಳದೆ ಹೊರಡುತ್ತಾರೆ. ಗೂಗಲ್ ಮ್ಯಾಪಿನಲ್ಲಿ ಬೇಕಾದ ಪ್ರದೇಶವನ್ನು ಆರಿಸಿ ಫೋನಿನೊಳಗೆ ಇಟ್ಟುಕೊಳ್ಳಬಹುದು. ನೆಟ್‌ವರ್ಕ್ ಹೋದ ಮೇಲೂ ಕಾರಿನ ದಾರಿ ತೋರಿಸುತ್ತದೆ. ಆಗ ಟ್ರಾಫಿಕ್ ಮಾಹಿತಿ, ಬೇರೆ ದಾರಿಯ ಸಲಹೆ ಸಿಗುವುದಿಲ್ಲ. ಇಳಿಸಿಟ್ಟ ನಕ್ಷೆಗೊಂದು ಅವಧಿಯೂ ಇದೆ, ನಡುನಡುವೆ ಅಪ್‌ಡೇಟ್ ಆಗದಿದ್ದರೆ ಅಳಿಸಿಹೋಗುತ್ತದೆ. ಆರ್ಗ್ಯಾನಿಕ್ ಮ್ಯಾಪ್ಸ್, ಆಸ್‌ಮ್ಯಾಂಡ್ ಎಂಬ ಆ್ಯಪ್‌ಗಳು ಶುರುವಿನಿಂದಲೇ ನೆಟ್‌ವರ್ಕ್ ಇಲ್ಲದೆ ನಡೆಯಲೆಂದು ಮಾಡಿದವು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಜನರೇ ಸೇರಿ ಬರೆಯುವ ನಕ್ಷೆಯನ್ನು ಅವು ಬಳಸುತ್ತವೆ. ನಮ್ಮ ಊರಿನ ಹುಡುಗರು ಯಾರೋ ಆಸಕ್ತಿಯಿಂದ ತುಂಬಿದ ಕಡೆ ಕಾಲುಸಂಕ, ದೇವರಬನದವರೆಗೆ ಎಲ್ಲ ಇರುತ್ತದೆ. ಯಾರೂ ತುಂಬದ ಕಡೆ ಬರೀ ಹಸಿರು. ಮ್ಯಾಪ್‌ಮೈಇಂಡಿಯಾದ ಮ್ಯಾಪ್ಲ್ಸ್ ನಮ್ಮ ದೇಶದ್ದೇ. 1995ರಿಂದ ಇದೇ ಕೆಲಸದಲ್ಲಿರುವ ಸಂಸ್ಥೆ, 2021ರಲ್ಲಿ ಇಸ್ರೋ ಜೊತೆ ಕೈಜೋಡಿಸಿತು. ನನ್ನನ್ನು ಕೇಳಿದರೆ ಪೇಟೆಗೆ ಟ್ರಾಫಿಕ್ ತಿಳಿಯುವ ಒಂದು ಆ್ಯಪ್ ಇರಲಿ, ಘಾಟಿಗೆಂದು ಇಡೀ ಕರ್ನಾಟಕ ಒಳಗಿರುವ ಇನ್ನೊಂದು ಇರಲಿ. ಎರಡನೆಯದು ತಿನ್ನುವ ಜಾಗ ಕೆಲವು ನೂರು ಎಂಬಿ ಅಷ್ಟೇ, ಮದುವೆಯ ವಿಡಿಯೊ ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ.

ಇಳಿಸಿಟ್ಟ ನಕ್ಷೆ ಹಳತಾಗುತ್ತದೆ ಎಂಬುದಕ್ಕೆ ನಮ್ಮ ಸಾಗರ ತಾಲ್ಲೂಕಿಗಿಂತ ಒಳ್ಳೆಯ ಸಾಕ್ಷಿ ಬೇಡ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಬಂದು ಹಿನ್ನೀರು ತುಂಬಿದ ಮೇಲೆ ತುಮರಿ ಕಡೆಯ ಊರುಗಳಿಗೆ ಹೊಳೆಬಾಗಿಲಿನ ಲಾಂಚೇ ಗತಿಯಾಗಿತ್ತು. ಸಿಗಂದೂರಿಗೆ ಹೋಗುವ ಕಾರುಗಳು ಲಾಂಚಿನ ಸರದಿಗಾಗಿ ಸಾಲುಗಟ್ಟಿ ನಿಲ್ಲುತ್ತಿದ್ದವು, ಸಂಜೆಯ ಮೇಲೆ ಅದೂ ಇರುತ್ತಿರಲಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಎರಡು ಕಿ.ಮೀ.ಗೂ ಉದ್ದದ ಸೇತುವೆ ತೆರೆಯಿತು. ಅದಕ್ಕೂ ಮೊದಲು ಇಳಿಸಿಟ್ಟ ನಕ್ಷೆಯಲ್ಲಿ ಅಲ್ಲಿ ನೀರೇ ಇದೆ. ಆ ನಕ್ಷೆ ಇಟ್ಟುಕೊಂಡು ದಾರಿ ಕೇಳಿದರೆ ಫೋನು ಲಾಂಚಿಗೆ ಕಾಯಿಸುತ್ತದೆ, ಇಲ್ಲವೇ ಸುತ್ತುಬಳಸಿ ಒಯ್ಯುತ್ತದೆ. ಸೇತುವೆಯ ಮೇಲೆ ಹೋದರೆ ಚುಕ್ಕೆ ಹಿನ್ನೀರಿನ ನಡುವೆ ಸಾಗುವುದು ಕಾಣುತ್ತದೆ. ರಿಸೀವರ್ ಸರಿಯಾಗೇ ಹೇಳುತ್ತಿದೆ, ಹಳತಾಗಿರುವುದು ನಕ್ಷೆ. ಇದಕ್ಕೇ ನಾನು ಮೂರನ್ನೂ ಬಿಡಿಸಿ ತೋರಿಸು ಎಂದಿದ್ದು. ಮಳೆಗಾಲದ ಮೊದಲೊಮ್ಮೆ, ದಸರಾ ಹೊತ್ತಿಗೊಮ್ಮೆ ನಕ್ಷೆ ಅಪ್‌ಡೇಟ್ ಮಾಡಿಕೊಳ್ಳಿ ಎಂದು ಗಿರಾಕಿಗೆ ಹೇಳು.

ಮೂರನೆಯದು ದಾರಿ ಹೇಳುವ ಪ್ರೋಗ್ರಾಂ. ಅದು ನಕ್ಷೆ ನೋಡಿ ಹೇಳುವ ದಾರಿ ನೆಲದ ಮೇಲೆ ಇರಲೇಬೇಕೆಂದೇನೂ ಇಲ್ಲ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ ರಾಮಗಂಗಾ ನದಿಯ ಅಪೂರ್ಣ ಸೇತುವೆಯಿಂದ ಕಾರು ಬಿದ್ದು ಮೂವರು ಸತ್ತರು. ಅವರು ಮ್ಯಾಪ್ ನೋಡಿಕೊಂಡು ಬಂದಿದ್ದರು ಎಂದು ವರದಿಯಾಯಿತು. ಮುಂದಿನ ತಿಂಗಳೇ ಗೋವಾಕ್ಕೆ ಹೊರಟ ಒಂದು ಕುಟುಂಬ ನಮ್ಮ ಖಾನಾಪುರದ ಭೀಮಗಡ ಕಾಡಿನೊಳಗೆ ಸಿಕ್ಕಿಹಾಕಿಕೊಂಡು ರಾತ್ರಿ ಅಲ್ಲೇ ಕಳೆಯಿತು. ನೆಟ್‌ವರ್ಕ್ ಸಿಗುವ ಜಾಗದವರೆಗೆ ನಡೆದು ಹೋಗಿ 112ಕ್ಕೆ ಕರೆ ಮಾಡಬೇಕಾಯಿತು. ಕೊಡಗಿನಲ್ಲಿ ‘ಗೂಗಲ್ ಹೇಳುವುದು ತಪ್ಪು, ಈ ರಸ್ತೆ ರೆಸಾರ್ಟಿಗೆ ಹೋಗುವುದಿಲ್ಲ’ ಎಂದು ಬೋರ್ಡ್ ನೆಡಬೇಕಾಗಿ ಬಂತು. ಇವುಗಳನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯಾರೂ ದಾರಿ ತಪ್ಪಲೆಂದು ಮನೆಯಿಂದ ಹೊರಟಿರುವುದಿಲ್ಲ. ಹತ್ತು ನಿಮಿಷ ಉಳಿಯುತ್ತದೆ ಎಂದು ಆ್ಯಪ್ ತೋರಿಸಿದ ಸಣ್ಣ ರಸ್ತೆಗೆ ತಿರುಗಿರುತ್ತಾರೆ. ಹೆದ್ದಾರಿ ಬಿಟ್ಟು ಡಾಂಬರು ಕಾಣದ ರಸ್ತೆಗೆ ಇಳಿಸಿದರೆ ನಿಲ್ಲಿಸಿ ಊರವರನ್ನು ಕೇಳಬೇಕು. ಸರಿಯಾದ ರಸ್ತೆಯೂ ಮುಚ್ಚಿರಬಹುದು. ಬಂಡೀಪುರದ ಹೆದ್ದಾರಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚಿರುತ್ತದೆ. 2024ರ ಜುಲೈ 16ರಂದು ಅಂಕೋಲದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮಣ್ಣಿನಡಿ ಹೋಯಿತು. ಫೋನಿನೊಳಗೆ ಇಳಿಸಿಟ್ಟ ನಕ್ಷೆಗೆ ಇಂಥದ್ದು ತಿಳಿಯುವ ದಾರಿಯೇ ಇಲ್ಲ. ಮಳೆಗಾಲದಲ್ಲಿ ಹೊರಡುವ ಮೊದಲು ಜಿಲ್ಲಾಡಳಿತದ ಆದೇಶ, ಆ ದಿನದ ಪೇಪರು ನೋಡಿಕೊಳ್ಳಲೇಬೇಕು.

ಉಳಿದದ್ದು ಸಣ್ಣಪುಟ್ಟ ಸಾಮಾನು. ಆದರೆ ಎಡವಟ್ಟು ಹೆಚ್ಚಾಗುವುದು ಅಲ್ಲೇ. ಕೇಂದ್ರ ಮೋಟಾರು ವಾಹನ ನಿಯಮಕ್ಕೆ 2020ರ ಅಕ್ಟೋಬರಿನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಓಡಿಸುವಾಗ ಮೊಬೈಲನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಚಾಲಕನ ಗಮನ ಕದಲದಂತೆ. ತೊಡೆಯ ಮೇಲಿಟ್ಟುಕೊಂಡು ನೋಡುವುದು ಅಪಾಯ. ಹೋಲ್ಡರ್ ಇಲ್ಲದೆ ಫೋನು ಕೊಂಡವರನ್ನು ಹಾಗೇ ಕಳಿಸಬೇಡ. ಗಾಜಿನ ಕೆಳಭಾಗದಲ್ಲಿ ರಸ್ತೆ ಮರೆಯಾಗದಂತೆ ಇರಬೇಕು, ಏರ್‌ಬ್ಯಾಗ್ ಮುಚ್ಚಳದ ಮೇಲಂತೂ ಕೂಡದು. ಲೋಹದ ಪದರವಿರುವ ಗಾಜು ಅಥವಾ ಫಿಲ್ಮ್ ಇದ್ದರೆ ಸಂಕೇತ ಇನ್ನೂ ಸಣ್ಣದಾಗುತ್ತದೆ. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಮೇಲೆ ಫೋನು ಪರದೆ ಮಂಕು ಮಾಡಿಕೊಂಡು ಚಾರ್ಜ್ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಐಫೋನಿಗೆ ಸುತ್ತಲಿನ ತಾಪಮಾನ 35 ಡಿಗ್ರಿ ಮೀರಬಾರದೆಂದು ಕಂಪನಿಯೇ ಹೇಳಿದೆ. ರಾಯಚೂರು, ಕಲಬುರಗಿಯ ಗಿರಾಕಿಗೆ ಎಸಿ ವೆಂಟಿಗೆ ಸಿಕ್ಕಿಸುವ ಹೋಲ್ಡರೇ ವಾಸಿ. ಹಳೆಯ ಕಾರುಗಳ ಯುಎಸ್‌ಬಿ ಕಿಂಡಿಯಿಂದ ಅರ್ಧ ಆಂಪಿಯರ್ ಬಂದರೆ ಹೆಚ್ಚು. ಮ್ಯಾಪ್ ನಡೆಯುತ್ತಿರುವಾಗ ಅಷ್ಟು ಸಾಲದೆ ಚುಚ್ಚಿಟ್ಟರೂ ಬ್ಯಾಟರಿ ಇಳಿಯುತ್ತದೆ. 12 ವೋಲ್ಟ್ ಸಾಕೆಟ್ಟಿಗೆ ಹಾಕುವ ಗಟ್ಟಿ ಚಾರ್ಜರ್ ಕೊಡು. ಮ್ಯಾಪಿನ ದನಿ ಕನ್ನಡಕ್ಕೆ ಹಾಕಿಕೊಟ್ಟು, ಕಾರಿನ ಸ್ಪೀಕರಿನಲ್ಲಿ ಕೇಳಿಸುವಂತೆ ಮಾಡಿ ಕಳಿಸು. ಕಿವಿಗೆ ಬಿದ್ದ ಸೂಚನೆ ಅರ್ಥವಾದರೆ ಕಣ್ಣು ರಸ್ತೆಯ ಮೇಲೇ ಇರುತ್ತದೆ. ವಯಸ್ಸಾದವರಿಗೆ ಇದರಿಂದ ಆಗುವ ಅನುಕೂಲ ದೊಡ್ಡದು.

ಕೊನೆಗೆ ನಿನ್ನಲ್ಲಿ ಮೂರು ಕೋರಿಕೆ. ಅಂಗಡಿಯ ಡೆಮೊ ಫೋನುಗಳಲ್ಲಿ ಒಂದರಲ್ಲಾದರೂ ಇಡೀ ಕರ್ನಾಟಕದ ನಕ್ಷೆ ಇಳಿಸಿಟ್ಟು, ಫ್ಲೈಟ್ ಮೋಡಿನಲ್ಲೇ ದಾರಿ ಹಾಕಿ ತೋರಿಸು. ನೋಡಿದ ಜನ ತಮ್ಮ ಫೋನಿಗೂ ಹಾಕಿಕೊಡು ಎಂದು ತಾವೇ ಕೇಳುತ್ತಾರೆ. ಪ್ರತಿ ಮಾಡೆಲಿನ ಬೆಲೆ ಚೀಟಿಯ ಮೇಲೆ ‘ಎಲ್5 ಇದೆ/ಇಲ್ಲ, ನಾವಿಕ್ ಇದೆ/ಇಲ್ಲ’ ಎಂದು ಒಂದು ಸಾಲು ಬರೆದು ಅಂಟಿಸು. ನಿನ್ನ ಕೈಬರಹದಲ್ಲೇ ಇದ್ದರೂ ಸಾಕು. ಮುಂದಿನ ಸಲ ಕಂಪನಿಯ ಪ್ರತಿನಿಧಿ ಹೊಸ ಫೋನಿನ ಕ್ಯಾಮೆರಾ ವರ್ಣಿಸಲು ಬಂದಾಗ, ಈ ಎರಡನ್ನೂ ಡಬ್ಬಿಯ ಮೇಲೆ ಅಚ್ಚು ಹಾಕಿಸಿ ಎಂದು ಕೇಳು. ಅವರಿಗೆ ಉತ್ತರ ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಬನ್ನಿ ಎಂದು ವಾಪಸ್ ಕಳಿಸು. ನಾನೊಬ್ಬಳು ಕೇಳಿದರೆ ಅವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಶಿವಮೊಗ್ಗ, ಸಿರ್ಸಿ, ಸಕಲೇಶಪುರ, ಮಡಿಕೇರಿಯ ಕೌಂಟರುಗಳಿಂದ ನಿನ್ನಂಥವರು ಒಟ್ಟಿಗೆ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಇಂತಿ,
ಸಾಗರದ ಒಬ್ಬ ಅಕ್ಕ